ಸಹಾಯ ಬೇಕು: ನೀರಿಗೆ ಬಿಡದ ಸ್ಟಿಕ್ಕರ್ ಅಂಚೆಚೀಟಿ ಬಿಡಿಸೋದು ಹೇಗೆ?

ಪತ್ರಮಿತ್ರರಿಂದ ಬಂದ ಲಕೋಟೆಗಳಿಂದ ಚೀಟಿ ಬಿಡಿಸ್ತಾ ಇದ್ದೀನಿ. ಹಳೇ ಅಂಟಿನವು ಉಗುರುಬೆಚ್ಚಗಿನ ನೀರಲ್ಲಿ 15–20 ನಿಮಿಷ ನೆನೆದರೆ ತಾವೇ ಜಾರಿ ಬರ್ತವೆ. ಆದ್ರೆ ಅಮೆರಿಕದ ಇತ್ತೀಚಿನ ಸ್ಟಿಕ್ಕರ್ ಚೀಟಿಗಳು ಒಂದು ಗಂಟೆ ಬಿಟ್ಟರೂ ಜಗ್ಗಲ್ಲ. ಅವುಗಳ ಅಂಟು ಮತ್ತು ಕಾಗದದ ನಡುವೆ ನೀರಲ್ಲಿ ಕರಗೋ ಪದರವೇ ಇಲ್ಲ, ಎಳೆದರೆ ಚೀಟಿ ಹಿಂಬದಿ ಸಿಪ್ಪೆ ಎದ್ದು ತೆಳುವಾಗುತ್ತೆ. ನೀರು ಬಿಸಿ ಮಾಡಿದ್ರೆ ಕೆಂಪು ಲಕೋಟೆಯ ಬಣ್ಣ ಚೀಟಿಗೇ ಹತ್ತಿತು. (ಬಣ್ಣದ ಲಕೋಟೆ ಯಾವತ್ತೂ ಬೇರೆ ಬಟ್ಟಲಲ್ಲೇ ನೆನೆಸಿ!)

ಆಮೇಲೆ ಕಿತ್ತಳೆ ಸಿಪ್ಪೆ ಎಣ್ಣೆಯ ದ್ರಾವಣವನ್ನ ಲಕೋಟೆಯ ಹಿಂಬದಿಯಿಂದ ಸವರಿದೆ. ಒಂದೇ ನಿಮಿಷಕ್ಕೆ ಕಾಗದ ಪಾರದರ್ಶಕ ಆಯ್ತು, ಚೀಟಿ ಸಲೀಸಾಗಿ ಎದ್ದು ಬಂತು. ಉಳಿದ ಜಿಗುಟಿಗೆ ಟಾಲ್ಕಂ ಪುಡಿ ಹಾಕಿ, ಬ್ಲಾಟಿಂಗ್ ಪೇಪರ್ ನಡುವೆ ಎರಡು ದಿನ ಭಾರ ಇಟ್ಟೆ. ಲಕೋಟೆಗೆ ಇದು ಸರಿ. ಪೋಸ್ಟ್‌ಕಾರ್ಡ್ ದಪ್ಪ, ದ್ರಾವಣ ಇಳಿಯಲ್ಲ. ಇಳಿದ್ರೆ ಚಿತ್ರ ಹಾಳು. ಹಾಗಾಗಿ ಕಾರ್ಡಿನ ಚೀಟಿ ಮುಟ್ಟೋದೇ ಇಲ್ಲ.

ಗೊಂದಲ ಇಷ್ಟೇ: ಈ ಎಣ್ಣೆ ವರ್ಷಗಳ ಮೇಲೆ ಚೀಟಿಯನ್ನ ಹಳದಿ ಮಾಡುತ್ತಾ? ಹೀಗೆ ಬಿಡಿಸಿದ ಚೀಟಿ ಐದಾರು ವರ್ಷ ಆಲ್ಬಮ್‌ನಲ್ಲಿ ಇಟ್ಟವರು ಹೇಳಿ, ಬಿಡಿಸಲೋ, ಇಲ್ಲ ಸುತ್ತ 5 ಮಿ.ಮೀ. ಅಂಚು ಬಿಟ್ಟು ಕಾಗದದ ಸಮೇತ ಕತ್ತರಿಸಿಡಲೋ?