ಹಗಲುಗನಸು ವ್ಯಕ್ತಿತ್ವದ ಟೈಪ್‌ಗೆ ಸೇರಿದ್ದಾ, ಅಥವಾ ಬೇರೆಯದೇ ಲೆಕ್ಕವಾ?

ತಿಳಿಬೆಳಕು (ಪ್ರಶ್ನೆ):

ವ್ಯಕ್ತಿತ್ವದ ಟೈಪ್ ಅನ್ನು ನಾಲ್ಕು ಅಕ್ಷರಗಳಲ್ಲಿ ಹೇಳುವ ಎಂಬಿಟಿಐ ಟೆಸ್ಟ್‌ನಲ್ಲಿ ಐಎನ್‌ಎಫ್‌ಪಿ ಬಂದರೆ ‘ಹಗಲುಗನಸಿನವರು’, ಇಎಸ್‌ಟಿಜೆ ಬಂದರೆ ‘ಕನಸಿಗೆ ಪುರುಸೊತ್ತಿಲ್ಲದವರು’ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಇದು ಎಷ್ಟರ ಮಟ್ಟಿಗೆ ನಿಜ? ಹಗಲುಗನಸು ಮತ್ತು ವ್ಯಕ್ತಿತ್ವದ ನಂಟಿನ ಬಗ್ಗೆ ಮನಃಶಾಸ್ತ್ರದಲ್ಲಿ ಗಟ್ಟಿಯಾದ ಕೆಲಸ ಏನಾಗಿದೆ? ಅಂತರ್ಮುಖಿಗಳೇ ಹೆಚ್ಚು ಹಗಲುಗನಸು ಕಾಣುತ್ತಾರೆ ಅನ್ನೋದು ಸರಿಯಾ?

ಇನ್ನೊಂದು: ತನ್ನದು ಯಾವ ಬಗೆಯ ಹಗಲುಗನಸು ಅಂತ ಒಬ್ಬರು ತಾವೇ ಅಳೆದುಕೊಳ್ಳಬೇಕಾದರೆ ಹೇಗೆ? ‘ನೀವು ಕನಸುಗಾರರೇ, ಹೌದು ಅಥವಾ ಇಲ್ಲ’ ಮಾದರಿಯ ಪ್ರಶ್ನಾವಳಿ ಬೇಡ. ವಿಧಾನ ಗೊತ್ತಿದ್ದವರು ಬಿಡಿಸಿ ಹೇಳಿ.

ಒಳದನಿ:

‘ಯಾರು ಹೆಚ್ಚು ಕಾಣುತ್ತಾರೆ’ ಅಂತ ಕೇಳಿದರೆ ಸಿಗುವುದು ಕಡಿಮೆ, ಏಕೆಂದರೆ ಎಲ್ಲರೂ ಕಾಣುತ್ತಾರೆ. ವ್ಯಕ್ತಿತ್ವ ಎದ್ದು ಕಾಣುವುದು ಯಾವ ಬಗೆಯದು ಕಾಣುತ್ತಾರೆ ಅನ್ನುವಲ್ಲಿ.

ಈ ಬಗೆಗಳನ್ನು ಬೇರ್ಪಡಿಸಿದ ದೊಡ್ಡ ಕೆಲಸ ಅಮೆರಿಕದ ಮನಃಶಾಸ್ತ್ರಜ್ಞ ಜೆರೋಮ್ ಸಿಂಗರ್ ಅವರದು. ಅವರು ಜಾನ್ ಆಂಟ್ರೋಬಸ್ ಜತೆ 28 ಉಪಮಾಪಕಗಳ ಉದ್ದನೆಯ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಅದನ್ನು 1982ರಲ್ಲಿ 45 ಪ್ರಶ್ನೆಗಳಿಗೆ ಇಳಿಸಲಾಯಿತು. ಉತ್ತರಗಳನ್ನು ವಿಶ್ಲೇಷಿಸಿದಾಗ ಮತ್ತೆ ಮತ್ತೆ ಮೂರು ಗುಂಪು ಕಂಡವು:

ಒಂದು, ರಚನಾತ್ಮಕ ಹಗಲುಗನಸು. ಮುಂದಿನ ಯೋಜನೆ, ಕುತೂಹಲ, ಆಟವಾಡುವಂಥ ಕಲ್ಪನೆ, ಕಣ್ಣಿಗೆ ಕಟ್ಟುವ ಚಿತ್ರಗಳು. ಎರಡು, ಅಪರಾಧಿ ಭಾವ ಮತ್ತು ಸೋಲಿನ ಭಯದ ಹಗಲುಗನಸು. ಇದರಲ್ಲಿ ಸೇಡಿನ ದೃಶ್ಯ, ಅವಮಾನದ ಮರುಕಳಿಕೆ ಮಾತ್ರವಲ್ಲ, ‘ಎಲ್ಲರ ಮುಂದೆ ಗೆದ್ದು ತೋರಿಸುವ’ ವೀರಾವೇಶದ ಕನಸುಗಳೂ ಬರುತ್ತವೆ. ಹೊರಗಿನಿಂದ ಇವು ಖುಷಿಯ ಕನಸಿನಂತೆ ಕಾಣುವುದರಿಂದ ತುಂಬ ಜನ ಇಲ್ಲೇ ಎಡವುತ್ತಾರೆ. ಮೂರು, ಗಮನ ನಿಲ್ಲದ ಅಲೆದಾಟ. ಇದರಲ್ಲಿ ಕತೆಯೇ ಇರುವುದಿಲ್ಲ. ಚೂರುಪಾರು ಯೋಚನೆ, ಬೇಸರ, ಎಲ್ಲಿಯೂ ತಂಗದ ಮನಸ್ಸು.

ಒಂದೇ ಪುಟ ಓದುತ್ತಿರುವ ಮೂವರನ್ನು ತೆಗೆದುಕೊಳ್ಳಿ. ಪುಟದಲ್ಲಿ ‘ಸೇತುವೆ’ ಎಂಬ ಮಾತು ಬಂತು. ಮೊದಲನೆಯವರ ಮನಸ್ಸು ಆ ಸೇತುವೆಯನ್ನು ಕಟ್ಟಿ, ಅದರಾಚೆ ಯಾರಿರಬಹುದು ಅಂತ ಹೊರಡುತ್ತದೆ. ಎರಡನೆಯವರಿಗೆ ಯಾವಾಗಲೋ ಸೇತುವೆಯ ಮೇಲೆ ನಡೆದ ಜಗಳ ನೆನಪಾಗಿ, ಅಂದು ಆಡಬೇಕಿದ್ದ ಮಾತುಗಳೆಲ್ಲ ಈಗ ಸಾಲುಗಟ್ಟುತ್ತವೆ. ಮೂರನೆಯವರು ಸೇತುವೆಯ ಬಗ್ಗೆ ಯೋಚಿಸುವುದೇ ಇಲ್ಲ. ಎರಡು ಪ್ಯಾರಾ ದಾಟಿದ ಮೇಲೆ ಓದಿದ್ದು ತಲೆಗೆ ಹೋಗಿಲ್ಲ ಅಂತ ಗೊತ್ತಾಗುತ್ತದೆ, ಅಷ್ಟೆ. ಮೂವರೂ ಓದು ಬಿಟ್ಟವರೇ. ‘ಎಷ್ಟು’ ಅಂತ ಅಳೆದರೆ ಮೂವರಿಗೂ ಒಂದೇ ಅಂಕ ಬರುತ್ತದೆ.

ವ್ಯಕ್ತಿತ್ವದ ನಂಟು ಇಲ್ಲಿದೆ. ಸಿಂಗರ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ಈ ಮೂರು ಬಗೆಗಳನ್ನು ‘ಬಿಗ್ ಫೈವ್’ ಎಂಬ ಐದು ಮೂಲ ವ್ಯಕ್ತಿತ್ವ ಗುಣಗಳ ಎದುರು ಇಟ್ಟು ನೋಡಿದರು. ರಚನಾತ್ಮಕ ಬಗೆ ‘ಅನುಭವಕ್ಕೆ ತೆರೆದುಕೊಳ್ಳುವ ಗುಣ’ದ ಜತೆ, ಎರಡನೆಯದು ‘ಭಾವನಾತ್ಮಕ ಅಸ್ಥಿರತೆ’ಯ ಜತೆ, ಮೂರನೆಯದು ಕಡಿಮೆ ‘ಶಿಸ್ತು–ಜವಾಬ್ದಾರಿ’ಯ ಜತೆ ಹೊಂದಿಕೊಂಡವು. ಮೂರು ಬಗೆಗೆ ಮೂರು ಬೇರೆ ಬೇರೆ ಗುಣ. ಎಲ್ಲವನ್ನೂ ಒಟ್ಟಿಗೆ ಹೊರುವ ‘ಕನಸುಗಾರ ಟೈಪ್’ ಅಂತ ಒಂದಿಲ್ಲ.

ಅಳತೆಗೋಲು:

ಒಳದನಿ ಹೇಳಿದ್ದಕ್ಕೆ ಎಂಬಿಟಿಐ ಕಡೆಯಿಂದ ಸೇರಿಸಬೇಕಾದದ್ದಿದೆ. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರಗಳನ್ನು ಆಧರಿಸಿ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಕಟ್ಟಿದ ಮಾದರಿ ಅದು. ಮನಃಶಾಸ್ತ್ರಜ್ಞರಾದ ರಾಬರ್ಟ್ ಮೆಕ್ರೇ ಮತ್ತು ಪಾಲ್ ಕೋಸ್ಟಾ 1989ರಲ್ಲಿ ಅದನ್ನು ಬಿಗ್ ಫೈವ್ ಜತೆ ಹೋಲಿಸಿದರು. ‘ಎನ್’ (ಒಳಹೊಳಹನ್ನು ನೆಚ್ಚುವುದು; ಇದರ ಎದುರಿನದು ‘ಎಸ್’, ಕಣ್ಣೆದುರಿನದನ್ನು ನೆಚ್ಚುವುದು) ಅಕ್ಷರ ತೆರೆದುಕೊಳ್ಳುವ ಗುಣಕ್ಕೆ ಹತ್ತಿರ ಬಂತು, ‘ಪಿ’ (ಮೊದಲೇ ನಿರ್ಧರಿಸದೆ ಬಂದಂತೆ ನಡೆಯುವುದು) ಅಕ್ಷರ ಕಡಿಮೆ ಶಿಸ್ತಿಗೆ. ಹಾಗಾಗಿ ‘ಎನ್‌ಪಿ’ ಇರುವ ಟೈಪ್‌ಗಳಿಗೆ ‘ಕನಸುಗಾರ’ ಅನ್ನುವ ಹೆಸರು ಅಂಟಿದ್ದು ಪೂರ್ತಿ ಸುಳ್ಳಲ್ಲ. ಒಂದನೆಯ ಮತ್ತು ಮೂರನೆಯ ಬಗೆಯ ಒಂದಿಷ್ಟು ಅಂಶ ಅಲ್ಲಿ ಸಿಕ್ಕಿಬೀಳುತ್ತದೆ.

ಆದರೆ ಭಾವನಾತ್ಮಕ ಅಸ್ಥಿರತೆಗೆ ಎಂಬಿಟಿಐನ ನಾಲ್ಕು ಅಕ್ಷರಗಳಲ್ಲಿ ಜಾಗವೇ ಇಲ್ಲ. ಜನರನ್ನು ನಿಜಕ್ಕೂ ಕಾಡುವುದು ಎರಡನೆಯ ಬಗೆ, ಈ ಮಾದರಿಗೆ ಕಾಣದೇ ಹೋಗುವುದೂ ಅದೇ. ಐಎನ್‌ಎಫ್‌ಪಿ ಅಂತ ಬಂದ ಇಬ್ಬರಲ್ಲಿ ಒಬ್ಬರದು ಹಿತವಾದ ಕಲ್ಪನಾಲೋಕ, ಇನ್ನೊಬ್ಬರದು ರಾತ್ರಿಯಿಡೀ ಹಳೆಯ ತಪ್ಪುಗಳ ವಿಚಾರಣೆ ಆಗಿರಬಹುದು. ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಒಬ್ಬರಿಗಂತೂ ಕೆಡುಕೇ.

ಇನ್ನೊಂದು ತೊಂದರೆ: ಈ ಗುಣಗಳಲ್ಲಿ ಹೆಚ್ಚಿನ ಜನ ನಡುಮಧ್ಯದಲ್ಲೇ ಇರುತ್ತಾರೆ. ಅಲ್ಲಿ ಗೆರೆ ಎಳೆದು ಈಚೆ ‘ಎಸ್’, ಆಚೆ ‘ಎನ್’ ಅಂದರೆ, ಕೆಲವು ವಾರ ಬಿಟ್ಟು ಟೆಸ್ಟ್ ಮಾಡಿದಾಗ ಅಕ್ಷರ ಬದಲಾಗುವುದು ಸಹಜ.

ಅಂತರ್ಮುಖಿಗಳ ವಿಷಯ: 1997ರ ಆ ಮೂರು ನಂಟುಗಳಲ್ಲಿ ಅಂತರ್ಮುಖತೆ ಇಲ್ಲ ಅನ್ನುವುದನ್ನು ಗಮನಿಸಿ. ಬಹಿರ್ಮುಖಿಗಳ ಮನಸ್ಸೂ ಅಲೆಯುತ್ತದೆ, ಯಾರ ಬಗ್ಗೆ ಅನ್ನುವುದು ಮುಖ್ಯ. 2012ರ ಒಂದು ಅಧ್ಯಯನದಲ್ಲಿ ಹತ್ತಿರದ ಬಂಧುಮಿತ್ರರ ಬಗ್ಗೆ ಹಗಲುಗನಸು ಕಾಣುವವರಲ್ಲಿ ಬದುಕಿನ ತೃಪ್ತಿ ಹೆಚ್ಚಿತ್ತು. ಪರಿಚಯವೇ ಇಲ್ಲದವರ, ಕಲ್ಪಿತ ವ್ಯಕ್ತಿಗಳ ಬಗ್ಗೆ ಕಾಣುವವರಲ್ಲಿ ಒಂಟಿತನ ಹೆಚ್ಚಿತ್ತು. ಯಾವುದು ಕಾರಣ, ಯಾವುದು ಪರಿಣಾಮ ಅಂತ ಅದರಿಂದ ಹೇಳಲಾಗದು. ವಯಸ್ಸನ್ನೂ ಮರೆಯಬೇಡಿ: ವಯಸ್ಸಾದಂತೆ ಹಗಲುಗನಸು ಕಡಿಮೆಯಾಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಇಪ್ಪತ್ತರವರನ್ನೂ ಅರವತ್ತರವರನ್ನೂ ಒಂದೇ ಪಟ್ಟಿಗೆ ಹಾಕಿ ವ್ಯಕ್ತಿತ್ವದ ಮಾತಾಡಬಾರದು.

ನಡುಹಗಲು:

ಅಳೆಯುವ ವಿಧಾನ ಕೇಳಿದ್ದೀರಿ, ಅದಕ್ಕೆ ಉತ್ತರ. ಸಂಶೋಧಕರು ನೆನಪನ್ನಷ್ಟೇ ನಂಬಿ ಕೂರುವುದಿಲ್ಲ. ದಿನದ ನಡುವೆ ಹೇಳದೆ ಕೇಳದೆ ಗಂಟೆ ಬಾರಿಸಿ, ‘ಈ ಕ್ಷಣಕ್ಕೆ ಮುಂಚೆ ಮನಸ್ಸಿನಲ್ಲಿ ಏನಿತ್ತು’ ಅಂತ ಕೇಳುತ್ತಾರೆ. ಅದನ್ನೇ ಮನೆಯಲ್ಲಿ ಮಾಡಬಹುದು.

ಏಳು ದಿನ, ದಿನಕ್ಕೆ 6ರಿಂದ 8 ಸಲ ಗಂಟೆ ಬಾರಿಸಲಿ. ಅಲ್ಲಿಗೆ 42ರಿಂದ 56 ದಾಖಲೆ. ಯಾದೃಚ್ಛಿಕವಾಗಿ ಬಾರಿಸುವ ರಿಮೈಂಡರ್ ಆ್ಯಪ್ ಬೇಕು, ಮಾಮೂಲಿ ಅಲಾರಂ ಸಾಲದು. ಸಮಯ ಮೊದಲೇ ಗೊತ್ತಿದ್ದರೆ ಐದು ನಿಮಿಷ ಮುಂಚೆಯೇ ಮನಸ್ಸು ಸಿದ್ಧವಾಗಿ ಕೂತಿರುತ್ತದೆ, ಆಗ ಅಳೆದದ್ದು ಕಾಯುವಿಕೆಯನ್ನು. ಒಂದು ಸಲ ಬಾರಿಸಿದ್ದಕ್ಕೂ ಮತ್ತೊಂದು ಸಲಕ್ಕೂ ನಡುವೆ ಕನಿಷ್ಠ 30 ನಿಮಿಷ ಅಂತರವಿರಲಿ. ಗಾಡಿ ಓಡಿಸುವಾಗ, ಯಂತ್ರದ ಮುಂದೆ ಕೆಲಸ ಮಾಡುವಾಗ ಸದ್ದು ಆಫ್ ಮಾಡಿ.

ಗಂಟೆಯಾದ ಒಂದು ನಿಮಿಷದೊಳಗೆ ಒಂದೇ ಸಾಲು ಬರೆಯಿರಿ: ಏನು ಮಾಡುತ್ತಿದ್ದಿರಿ, ಮನಸ್ಸು ಅದರಲ್ಲೇ ಇತ್ತೋ ಬೇರೆಡೆಯೋ, ಬೇರೆಡೆಯಾದರೆ ನೀವೇ ಬಿಟ್ಟದ್ದೋ ತಾನಾಗಿ ಜಾರಿದ್ದೋ, ಹಿಂದಿನದೋ ಮುಂದಿನದೋ ಕಾಲವೇ ಇಲ್ಲದ್ದೋ, ಹಿತ, ಅಹಿತ, ಎರಡೂ ಅಲ್ಲ, ಕೊನೆಗೆ ವಿಷಯ, ಐದಾರು ಪದದಲ್ಲಿ. ಉದಾಹರಣೆಗೆ:

‘ಮಧ್ಯಾಹ್ನ 3.42 – ಬಟ್ಟೆ ಮಡಚುವುದು – ಬೇರೆಡೆ – ತಾನಾಗಿ ಜಾರಿತು – ಹಿಂದಿನದು – ಅಹಿತ – ಆ ಮಾತು ಆಡಬಾರದಿತ್ತು.’

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ತಪ್ಪಿಹೋದದ್ದನ್ನು ರಾತ್ರಿ ಕೂತು ನೆನಪಿನಿಂದ ತುಂಬುವುದು: ನೆನಪಿನಲ್ಲಿ ಉಳಿಯುವುದು ತೀವ್ರವಾದವು ಮಾತ್ರ, ಆದ್ದರಿಂದ ಖಾಲಿ ಬಿಟ್ಟರೇ ಮೇಲು. ಕೆಲಸದ ಒತ್ತಡದಲ್ಲಿ ಬಂದ ಗಂಟೆಗಳನ್ನೇ ಬಿಡುವುದು: ಮನಸ್ಸು ನೆಟ್ಟಿದ್ದ ಹೊತ್ತುಗಳೇ ಲೆಕ್ಕದಿಂದ ಹೊರಗುಳಿದು ಅಲೆದಾಟದ ಪ್ರಮಾಣ ಉಬ್ಬುತ್ತದೆ. ಇನ್ನು ‘ನಾನೇ ಬಿಟ್ಟದ್ದು’ ಕಾಲಮ್ಮಿನಲ್ಲಿ ಸುಳ್ಳು ಬರೆಯುವುದು. ಜಾರಿದ್ದನ್ನು ಬೇಕೆಂದೇ ಬಿಟ್ಟೆ ಅಂದುಕೊಳ್ಳುವುದು ಬಹಳ ಸುಲಭ. ಗಂಟೆಗೆ ಮೊದಲೇ ಮನಸ್ಸು ಬೇರೆಡೆ ಇದೆ ಅಂತ ಅರಿವಿತ್ತಾ? ಇರದಿದ್ದರೆ ಅದು ಜಾರಿದ್ದೇ.

ಏಳು ದಿನದ ಮೇಲೆ ಎಣಿಸಿ. ಒಟ್ಟು ಅಲೆದಾಟ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಬಂದರೆ ಅದು ಎಲ್ಲರಂತೆಯೇ. ನಿತ್ಯಜೀವನದಲ್ಲಿ ಗಂಟೆ ಬಾರಿಸಿ ಮಾಡಿದ ಅಧ್ಯಯನಗಳಲ್ಲಿ ಸುಮಾರು ಶೇ. 30ರಿಂದ 47ರಷ್ಟು ಬಂದಿದೆ. ಆಮೇಲೆ ಅಲೆದ ಸಾಲುಗಳನ್ನು ಮಾತ್ರ ತೆಗೆದು ‘ಬಿಟ್ಟದ್ದು/ಜಾರಿದ್ದು’, ‘ಹಿತ/ಅಹಿತ’ ಅಂತ ನಾಲ್ಕು ಮನೆಗೆ ಹಂಚಿ. ಜಾರಿದ್ದು ಮತ್ತು ಅಹಿತ ಇರುವ ಮನೆ ತುಂಬಿದ್ದರೆ ಸಿಂಗರ್ ಹೇಳಿದ ಎರಡನೆಯ ಬಗೆ. ಜಾರಿದ್ದು ಹೆಚ್ಚು, ಆದರೆ ವಿಷಯದ ಕಾಲಮ್ಮಿನಲ್ಲಿ ಬರೆಯಲು ಏನೂ ಇಲ್ಲದಿದ್ದರೆ ಮೂರನೆಯದು.

ಮರುಮಾತು:

2010ರಲ್ಲಿ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2,250 ಜನರ ಮೇಲೆ ಫೋನ್ ಮೂಲಕ ಮಾಡಿದ ಅಧ್ಯಯನ, ಅಲೆಯುವ ಮನಸ್ಸು ದುಃಖಿ ಮನಸ್ಸು ಅಂತಲೇ ಹೇಳಿತಲ್ಲ? ಹಾಗಿದ್ದರೆ ಬಗೆ ಯಾವುದಾದರೇನು, ಎಲ್ಲವನ್ನೂ ಕಡಿಮೆ ಮಾಡಿಕೊಳ್ಳಬೇಕು ಅಂತ ತಾನೇ ಅರ್ಥ?

ಒಳದನಿ:

ಆ ಅಧ್ಯಯನದ ಒಳಗಿನ ಅಂಕಿಗಳು ಬೇರೆಯೇ ಹೇಳುತ್ತವೆ. ಅಲೆದಾಟ ಶೇ. 46.9 ಸಲ ಕಂಡಿತ್ತು, ನಿಜ. ಆದರೆ ಅದರಲ್ಲಿ ಹಿತವಾದ ವಿಷಯದತ್ತ ಹೋದದ್ದು ಶೇ. 42.5, ಅಹಿತದತ್ತ ಹೋದದ್ದು ಶೇ. 26.5, ಉಳಿದದ್ದು ಎರಡೂ ಅಲ್ಲದ್ದು. ಹಿತವಾದ ಅಲೆದಾಟದಲ್ಲಿದ್ದವರು ಕೆಲಸದಲ್ಲೇ ಮನಸ್ಸಿಟ್ಟವರಿಗಿಂತ ಹೆಚ್ಚು ಖುಷಿಯಾಗಿರಲಿಲ್ಲ, ಕಡಿಮೆಯೂ ಇರಲಿಲ್ಲ. ಅಹಿತದತ್ತ ಹೋದವರು ಸ್ಪಷ್ಟವಾಗಿ ಕೆಳಗಿದ್ದರು. ಎರಡನ್ನೂ ಕೂಡಿಸಿ ಸರಾಸರಿ ತೆಗೆದು ಎಲ್ಲರಿಗೂ ‘ಅಲೆಯಬೇಡಿ’ ಅನ್ನುವುದು ಅನ್ಯಾಯ.

ಅದಕ್ಕಿಂತ ಮುಖ್ಯ, ಬೇಕೆಂದೇ ಬಿಟ್ಟದ್ದಕ್ಕೂ ತಾನಾಗಿ ಜಾರಿದ್ದಕ್ಕೂ ಇರುವ ವ್ಯತ್ಯಾಸ. ಪಾಲ್ ಸೆಲಿ ಮತ್ತು ಸಂಗಡಿಗರು ಎರಡನ್ನೂ ಬೇರೆ ಬೇರೆ ಅಳೆದಾಗ, ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಲಕ್ಷಣಗಳ ಜತೆ ನಂಟು ತೋರಿದ್ದು ಜಾರಿದ್ದು ಮಾತ್ರ. 2012ರ ಇನ್ನೊಂದು ಕೆಲಸದಲ್ಲಿ, ಹಗುರ ಕೆಲಸ ಕೊಟ್ಟಾಗ ಕಾರ್ಯಸ್ಮೃತಿ (ಆ ಹೊತ್ತಿಗೆ ಬೇಕಾದ್ದನ್ನು ತಲೆಯಲ್ಲಿ ಹಿಡಿದಿಡುವ ಶಕ್ತಿ) ಚೆನ್ನಾಗಿರುವವರೇ ಹೆಚ್ಚು ಅಲೆದರು. ತಲೆಯಲ್ಲಿ ಜಾಗ ಮಿಕ್ಕಿತ್ತು, ಬಳಸಿಕೊಂಡರು. ಇದನ್ನು ದೋಷ ಅಂತ ತಿದ್ದಲು ಹೊರಡಬಾರದು.

ತಿಳಿಬೆಳಕು:

ಎಲ್ಲರಿಗೂ ವಂದನೆ. ಅಳೆದಾಯಿತು ಅಂದುಕೊಳ್ಳಿ, ಬಗೆಯೂ ತಿಳಿಯಿತು. ಮುಂದೇನು? ಗಂಟೆಗಟ್ಟಲೆ ಕಲ್ಪನೆಯಲ್ಲೇ ಮುಳುಗುವವರನ್ನು ಯಾವ ಬಗೆಗೆ ಸೇರಿಸಬೇಕು?

ಅಳತೆಗೋಲು:

ಬಗೆಗೆ ತಕ್ಕಂತೆ ಮದ್ದು ಬೇರೆ.

ರಚನಾತ್ಮಕ ಬಗೆಯವರಿಗೆ ಇರುವ ಅಪಾಯ ಒಂದೇ: ಕನಸಿನಲ್ಲೇ ಕೆಲಸ ಮುಗಿದಂತೆ ಅನಿಸಿ ಹುರುಪು ಇಳಿಯುವುದು. ಗೇಬ್ರಿಯಲ್ ಓಟಿಂಗನ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಇದನ್ನು ಸಂಕೋಚಕ ರಕ್ತದೊತ್ತಡ (ಬಿಪಿಯ ಮೇಲಿನ ಅಂಕಿ) ಅಳೆದೇ ತೋರಿಸಿದರು. ಗೆದ್ದಂತೆ ಕಲ್ಪಿಸಿಕೊಂಡವರಲ್ಲಿ ಅದು ಇಳಿಯಿತು. ಅವರು ಸೂಚಿಸುವ ಕ್ರಮ ನಾಲ್ಕು ಹೆಜ್ಜೆಯದು: ಆಸೆ, ಅದರ ಫಲದ ಸ್ಪಷ್ಟ ಚಿತ್ರ, ತನ್ನೊಳಗೇ ಇರುವ ಅಡ್ಡಿ, ‘ಆ ಅಡ್ಡಿ ಬಂದಾಗ ಹೀಗೆ ಮಾಡುತ್ತೇನೆ’ ಎಂಬ ಒಂದು ವಾಕ್ಯ. ಈ ಕ್ರಮ ತಿರುವುಮುರುವಾಗಬಾರದು, ಫಲದ ಚಿತ್ರ ಮೊದಲು, ಅಡ್ಡಿ ಆಮೇಲೆ. ‘ಜನ ಬಿಡುವುದಿಲ್ಲ’ ಅಂತ ಹೊರಗಿನ ಅಡ್ಡಿ ಬರೆದರೆ ಯೋಜನೆಗೆ ಹಿಡಿತ ಸಿಗದು. ‘ಸಂಜೆ ಕೂತ ಕೂಡಲೇ ಫೋನ್ ತೆಗೆಯುತ್ತೇನೆ’ ಅಂತ ಬರೆದರೆ ಸಿಗುತ್ತದೆ.

ಗಮನ ನಿಲ್ಲದ ಬಗೆಯವರು ವ್ಯಕ್ತಿತ್ವವನ್ನು ದೂರುವ ಮುಂಚೆ ನಿದ್ದೆಯ ಲೆಕ್ಕ ನೋಡಿ. ನಿದ್ದೆಗೆಟ್ಟರೆ ಜಾರುವುದು ಹೆಚ್ಚುತ್ತದೆ. ಮದ್ಯ ಇನ್ನೂ ಕೆಟ್ಟದ್ದು: ಅಲೆದಾಟವನ್ನು ಹೆಚ್ಚಿಸಿ, ಅಲೆಯುತ್ತಿದ್ದೇನೆ ಎಂಬ ಅರಿವನ್ನೇ ಕಸಿಯುತ್ತದೆ. ಕೆಲಸವನ್ನು ಚಿಕ್ಕ ತುಂಡುಗಳಾಗಿಸಿ, ಪ್ರತಿ ತುಂಡಿನ ಕೊನೆಗೆ ಏನಾದರೂ ಬರೆದಿಡುವಂತೆ ಮಾಡಿಕೊಳ್ಳಿ.

ಅಹಿತದ ಬಗೆಗೆ ‘ಯೋಚಿಸಬೇಡ’ ಅನ್ನುವುದು ಕೆಲಸಕ್ಕೆ ಬರುವುದಿಲ್ಲ, ತಡೆದ ಯೋಚನೆ ಮರಳಿ ಬರುತ್ತದೆ. ವಿಷಯದ ಕಾಲಮ್ಮಿನಲ್ಲಿ ಒಂದೇ ಸಂಗತಿ ಪದೇ ಪದೇ ಬಂದಿದ್ದರೆ ಅದನ್ನು ಹಾಳೆಯ ಮೇಲೆ ಪೂರ್ತಿ ಬರೆದು, ಇವತ್ತು ಮಾಡಬಹುದಾದ ಒಂದು ಕೆಲಸವಿದೆಯೇ ನೋಡಿ. ಇಲ್ಲವೆಂದಾದರೆ, ವಾರಗಟ್ಟಲೆ ಮನಸ್ಸು ಕುಗ್ಗಿಯೇ ಇದ್ದರೆ ಇದು ಹಗಲುಗನಸಿನ ಪ್ರಶ್ನೆಯಾಗಿ ಉಳಿದಿಲ್ಲ. ಮನೋವೈದ್ಯರನ್ನೋ ಮನಃಶಾಸ್ತ್ರಜ್ಞರನ್ನೋ ಕಾಣಲೇಬೇಕು.

ನಡುಹಗಲು:

ಗಂಟೆಗಟ್ಟಲೆ ಮುಳುಗುವವರ ಬಗ್ಗೆ ನಾನು ಹೇಳುತ್ತೇನೆ. ಅದನ್ನು ಮೂರು ಬಗೆಗಳಲ್ಲಿ ಯಾವುದಕ್ಕೂ ತುರುಕಬೇಡಿ. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಎಲಿ ಸೋಮರ್ 2002ರಲ್ಲಿ ಇದಕ್ಕೆ ಬೇರೆಯೇ ಹೆಸರು ಕೊಟ್ಟರು. ಬದುಕಿಗೆ ತೊಡಕಾಗುವ ಹಗಲುಗನಸು ಅನ್ನಬಹುದು. ಗುರುತುಗಳು ಸ್ಪಷ್ಟ: ಪಾತ್ರಗಳು, ಕತೆ ವರ್ಷಗಟ್ಟಲೆ ಮುಂದುವರಿಯುತ್ತವೆ, ಹಾಡು ಕೇಳಿದ ಕೂಡಲೇ ಶುರುವಾಗುತ್ತದೆ, ಅತ್ತಿಂದಿತ್ತ ನಡೆಯುವುದು, ತೂಗಾಡುವುದು ಜತೆಗಿರುತ್ತದೆ, ತಡೆದರೆ ಚಡಪಡಿಕೆ. ಇದು ಭ್ರಮೆಯಲ್ಲ, ಕಲ್ಪನೆ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ವೈದ್ಯರು ಬಳಸುವ ಕಾಯಿಲೆಗಳ ಪಟ್ಟಿಗಳಾದ ಡಿಎಸ್‌ಎಂ–5ರಲ್ಲಾಗಲಿ ಐಸಿಡಿ–11ರಲ್ಲಾಗಲಿ ಇದು ಪ್ರತ್ಯೇಕ ಕಾಯಿಲೆಯಾಗಿ ಸೇರಿಲ್ಲ. ಅಳೆಯಲು 16 ಪ್ರಶ್ನೆಗಳ ಮಾಪಕ ಇದೆ. ಇಂಥವರಲ್ಲಿ ಎಡಿಎಚ್‌ಡಿ ಲಕ್ಷಣಗಳು ಹೆಚ್ಚಾಗಿ ಕಾಣುವುದರಿಂದ ಅದನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇಲ್ಲಿ ಯಾದೃಚ್ಛಿಕ ಗಂಟೆಯ ಬದಲು ಶುರುವಾದ ಸಮಯ, ಮುಗಿದ ಸಮಯ, ಕನಸನ್ನು ಶುರುಮಾಡಿಸಿದ ಕಾರಣ, ಈ ಮೂರನ್ನು ಬರೆಯಿರಿ. ಸಾವಧಾನ ಧ್ಯಾನದ ಜತೆ ಹೀಗೆ ಸ್ವಂತ ದಾಖಲೆ ಇಟ್ಟವರಲ್ಲಿ ಲಕ್ಷಣಗಳು ತಗ್ಗಿದ್ದು ನಿಯಂತ್ರಿತ ಪ್ರಯೋಗದಲ್ಲಿ ಕಂಡಿದೆ. ಒಮ್ಮೆಗೇ ಪೂರ್ತಿ ನಿಲ್ಲಿಸಲು ಹೋಗಬೇಡಿ. ಮೊದಲು ಹಾಡು ಮತ್ತು ನಡಿಗೆಯನ್ನು ಬೇರ್ಪಡಿಸಿ: ನಡೆಯುವಾಗ ಹಾಡು ಬೇಡ, ಹಾಡು ಕೇಳುವಾಗ ಕೂತಿರಿ. ಎರಡು ವಾರದ ದಾಖಲೆ ಕೈಯಲ್ಲಿದ್ದರೆ ವೈದ್ಯರ ಬಳಿ ಮಾತು ಶುರುಮಾಡುವುದೂ ಸುಲಭ; ‘ತುಂಬ ಹೊತ್ತು’ ಅನ್ನುವ ಬದಲು ಎಷ್ಟು ಹೊತ್ತು, ಯಾವಾಗ ಅಂತ ತೋರಿಸಬಹುದು.