ಬೆಂಗಳೂರು–ಹಂಪಿ–ಬಾದಾಮಿ–ವಿಜಯಪುರ: ಕಾರಿಲ್ಲದೆ 5 ದಿನದಲ್ಲಿ ಆಗುತ್ತಾ?

ಪ್ರಶ್ನೆ: ನಾಲ್ಕು ಜನ, ಅಮ್ಮನಿಗೆ 65. ಬಸ್ಸು, ರೈಲಿನಲ್ಲೇ ಹೋಗಬೇಕು. ಐಹೊಳೆ, ಪಟ್ಟದಕಲ್ಲು ಒಂದೇ ದಿನಕ್ಕೆ ಸಾಕಾ?

ಉತ್ತರ 1: ಸಾಕು, ಆದರೆ ಬೆಳಿಗ್ಗೆ ಮೊದಲು ಐಹೊಳೆಗೆ ಹೋಗಿ, ವಾಪಸ್ ಬರುವಾಗ ಪಟ್ಟದಕಲ್ಲು. ಉಲ್ಟಾ ಮಾಡಿದರೆ ಸಂಜೆ ಐಹೊಳೆಯಲ್ಲಿ ಸಿಕ್ಕಿಬೀಳ್ತೀರಿ, ಅಲ್ಲಿಂದ ಬಸ್ಸು ಕಮ್ಮಿ. ಪಟ್ಟದಕಲ್ಲಿನಿಂದ ಬಾದಾಮಿ 22 ಕಿ.ಮೀ. ಅಷ್ಟೇ. ಇಳಿದ ತಕ್ಷಣ ಕೊನೇ ಬಸ್ಸಿನ ಹೊತ್ತನ್ನು ಕಂಡಕ್ಟರನ್ನೇ ಕೇಳಿ.

ಉತ್ತರ 2: ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್, ಬೆಳಿಗ್ಗೆ ಹೊಸಪೇಟೆ, ಹಂಪಿಗೆ ಅಲ್ಲಿಂದ 13 ಕಿ.ಮೀ. ಬಸ್ಸು. ಬಾದಾಮಿಗೆ ಗದಗದಲ್ಲಿ ಬದಲಾಯಿಸಿ; ಬಿಗಿಯಾದ ಕನೆಕ್ಷನ್ ನಂಬಬೇಡಿ, ಎರಡು ಗಂಟೆ ಬಿಡುವಿರಲಿ. ಬಾದಾಮಿ ಸ್ಟೇಷನ್ ಊರಿಂದ 5 ಕಿ.ಮೀ. ದೂರ, ಆಟೋ ಬೇಕೇ ಬೇಕು. ಗುಹೆಗಳಿಗೆ ಮೆಟ್ಟಿಲಿವೆ, ಅಮ್ಮನನ್ನು ಬಿಸಿಲೇರುವ ಮುಂಚೆ ಹತ್ತಿಸಿ. ವಾಪಸ್ಸಿಗೆ ವಿಜಯಪುರದಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್. ಬುಕಿಂಗ್ 60 ದಿನ ಮುಂಚೆ ತೆರೆಯುತ್ತೆ.

ಉತ್ತರ 3: ಹೆಂಗಸರು ಕರ್ನಾಟಕದ ವಿಳಾಸವಿರುವ ಆಧಾರ್ ಇಟ್ಟುಕೊಳ್ಳಿ. ಶಕ್ತಿ ಯೋಜನೆಯ ಉಚಿತ ಟಿಕೆಟ್ ಸಾಮಾನ್ಯ ಬಸ್ಸಿಗೆ ಮಾತ್ರ, ರಾಜಹಂಸಕ್ಕಿಲ್ಲ. ಶುಕ್ರವಾರ ಐಹೊಳೆ ಬೇಡ, ಮ್ಯೂಸಿಯಂ ರಜೆ.