ನೊಜಿಕ್‌ನನ್ನು ಮೊದಲ ಪುಟದಿಂದ ಓದಬೇಡಿ

ಪ್ರಶ್ನೆ, ಚಿಕ್ಕಮಗಳೂರಿನಿಂದ: ಆರು ಜನ ಭಾನುವಾರ ಸೇರಿ ಲಿಬರ್ಟೇರಿಯನ್ (ಸರ್ಕಾರ ಆದಷ್ಟು ಕಡಿಮೆ, ವ್ಯಕ್ತಿಸ್ವಾತಂತ್ರ್ಯ ಹೆಚ್ಚು ಅನ್ನುವ) ಚಿಂತನೆ ಓದೋಣ ಅಂತಿದ್ದೇವೆ. ಇಬ್ಬರು ಬಿ.ಎ. ವಿದ್ಯಾರ್ಥಿಗಳು, ಉಳಿದವರು ತೋಟದವರು. ಇಂಗ್ಲಿಷ್ ಓದುತ್ತೇವೆ, ನಿಧಾನ. ಅಮೆರಿಕದ ತತ್ವಜ್ಞಾನಿ ನೊಜಿಕ್‌ನ ‘ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ’ ಮೂವತ್ತನೇ ಪುಟಕ್ಕೇ ನಿಂತಿದೆ. ಎಲ್ಲಿಂದ ಶುರು ಮಾಡೋದು?

ಉತ್ತರ, ಹಾಸನದಿಂದ: ನಿಲ್ಲೋದು ಸಹಜ. 1974ರ ಆ ಪುಸ್ತಕದ ಮೊದಲ ಭಾಗ ‘ಸರ್ಕಾರವೇ ಬೇಡ’ ಅನ್ನುವವರಿಗೆ ಕೊಟ್ಟ ಉತ್ತರ. ಆ ಜಗಳ ಗೊತ್ತಿಲ್ಲದವರಿಗೆ ತಲೆಬುಡ ಸಿಗಲ್ಲ. ಸದ್ಯ ಮುಚ್ಚಿಡಿ. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಬಾಸ್ತಿಯಾ 1850ರಲ್ಲಿ ಬರೆದ ‘ಕಾಣುವುದು, ಕಾಣದಿರುವುದು’ ಪ್ರಬಂಧದ ಮೊದಲ ಅಧ್ಯಾಯ ತೆಗೆಯಿರಿ, ಕೆಲವೇ ಪುಟ. ಹುಡುಗ ಕಿಟಕಿ ಗಾಜು ಒಡೆದ. ಗಾಜು ಹಾಕುವವನಿಗೆ 6 ಫ್ರಾಂಕ್ ಬಂತು, ಅದು ಕಣ್ಣಿಗೆ ಕಾಣುತ್ತೆ. ಅದೇ ದುಡ್ಡಲ್ಲಿ ಮನೆ ಯಜಮಾನ ಕೊಳ್ಳಬಹುದಾಗಿದ್ದ ಜೋಡು ಕಾಣಲ್ಲ. ಇದನ್ನೋದಿದವರು ‘ಸರ್ಕಾರ ಖರ್ಚೇ ಮಾಡಬಾರದು ಅಂತಾನೆ’ ಅಂದುಬಿಡ್ತಾರೆ. ಅವನು ಹಾಗಂದಿಲ್ಲ. ಕೆಲಸ ಉಪಯೋಗದ್ದಾದರೆ ಸರಿ, ‘ಇಷ್ಟು ಜನಕ್ಕೆ ಕೂಲಿ ಸಿಕ್ಕಿತು’ ಅನ್ನೋದನ್ನೇ ಲಾಭದ ಕಡೆ ಬರೆಯಬೇಡಿ ಅಂತಾನೆ.

ಸಕಲೇಶಪುರ: ತೋಟದವರಿದ್ದಾರಲ್ಲ, ಎರಡನೇ ವಾರ ಅರ್ಥಶಾಸ್ತ್ರಜ್ಞ ಹಾಯೆಕ್‌ನ 1945ರ ‘ದಿ ಯೂಸ್ ಆಫ್ ನಾಲೆಜ್ ಇನ್ ಸೊಸೈಟಿ’ ಇಟ್ಟುಕೊಳ್ಳಿ. ಪುಸ್ತಕವಲ್ಲ, ಪ್ರಬಂಧ. ಎಲ್ಲೋ ತವರಕ್ಕೆ ಕೊರತೆ ಬಂದರೆ, ಕಾರಣ ತಿಳಿಯದವರೂ ಬೆಲೆ ಏರಿದ್ದು ನೋಡಿ ಬಳಕೆ ಕಡಿಮೆ ಮಾಡ್ತಾರೆ ಅನ್ನೋದು ಅಲ್ಲಿನ ಉದಾಹರಣೆ. ತವರದ ಜಾಗದಲ್ಲಿ ಕಾಫಿ ಇಟ್ಟು ಓದಿ. ಪೂಲ್ ಕಾಲದಲ್ಲಿ, ಅಂದರೆ ಎಲ್ಲರ ಕಾಫಿಯನ್ನೂ ಕಾಫಿ ಬೋರ್ಡೇ ಒಟ್ಟುಗೂಡಿಸಿ ಮಾರುತ್ತಿದ್ದಾಗ, ಬೆಳೆ ಬೋರ್ಡಿಗೇ ಹಾಕಬೇಕಿತ್ತು, ಗುಣಮಟ್ಟಕ್ಕೆ ತಕ್ಕ ಪಾಯಿಂಟ್ ಲೆಕ್ಕ, ದುಡ್ಡು ಕಂತುಗಳಲ್ಲಿ. ಕಾಫಿ ಹಾಕಿದ ದಿನ ಒಟ್ಟು ಎಷ್ಟು ಸಿಗುತ್ತೆ ಅಂತ ಬೆಳೆಗಾರನಿಗೆ ಗೊತ್ತಿರುತ್ತಿರಲಿಲ್ಲ. ಬೆಲೆ ಹೊತ್ತು ತರುವ ಸುದ್ದಿ ದಾರಿಯಲ್ಲೇ ನಿಂತರೆ ಏನಾಗುತ್ತೆ ಅನ್ನೋದು ಆಗ ತಾನೇ ಅರ್ಥವಾಗುತ್ತೆ.

ಮೂಡಿಗೆರೆ: ಅಷ್ಟು ಸಲೀಸಲ್ಲ ಸಾರ್. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಕೈತಪ್ಪಿದ್ದಕ್ಕೇ ಪೂಲ್ ಬಂದದ್ದು, 1942ರ ಕಾಯ್ದೆಯಲ್ಲಿ ಗಟ್ಟಿಯಾಯಿತು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು ನಿಜ, 2001ರ ಸುಮಾರಿಗೆ ಬೆಲೆ ನೆಲಕಚ್ಚಿದಾಗ ಪೆಟ್ಟು ನೇರ ಬೆಳೆಗಾರನ ಬೆನ್ನಿಗೇ. ಎರಡನ್ನೂ ಇಟ್ಟುಕೊಂಡು ಜಗಳಾಡಿ. ಒಂದೇ ಕಡೆ ಓದಿದರೆ ಅದು ಭಜನೆ.

ಹಾಸನ: ಒಪ್ಪಿದೆ. ಮೂರನೇ ವಾರ ಅಮೆರಿಕದ ತತ್ವಜ್ಞಾನಿ ಸ್ಯಾಂಡೆಲ್‌ನ ‘ಜಸ್ಟಿಸ್’ ಮೂರನೇ ಅಧ್ಯಾಯ. ಸ್ಯಾಂಡೆಲ್ ಈ ಪಂಥದವನಲ್ಲ, ಆದರೂ ವಾದವನ್ನು ನೇರವಾಗಿ ಇಡ್ತಾನೆ. ಆಮೇಲೆ ನೊಜಿಕ್, ಅದೂ ಏಳನೇ ಅಧ್ಯಾಯ ಮಾತ್ರ. ಬಾಸ್ಕೆಟ್‌ಬಾಲ್ ಆಟಗಾರ ಚೇಂಬರ್ಲಿನ್ ಆಟ ನೋಡಲು 10 ಲಕ್ಷ ಜನ ತಲಾ 25 ಸೆಂಟ್ ಕೊಡ್ತಾರೆ, ಅವನಿಗೆ 2.5 ಲಕ್ಷ ಡಾಲರ್. ‘ಪ್ರತಿಭೆಗೆ ತಕ್ಕ ಫಲ’ ಅಂತ ಓದಿದರೆ ದಾರಿ ತಪ್ಪಿದಿರಿ. ಅರ್ಹತೆಯ ಮಾತೇ ಅಲ್ಲಿಲ್ಲ. ಶುರುವಿನ ಹಂಚಿಕೆ ನ್ಯಾಯವಾಗಿತ್ತು, ಎಲ್ಲರೂ ಒಪ್ಪಿಯೇ ಕೊಟ್ಟರು, ಹಾಗಾದರೆ ಕೊನೆಯದು ಅನ್ಯಾಯ ಹೇಗೆ ಅಂತ ಕೇಳ್ತಾನೆ. ಶುರುವೇ ನೆಟ್ಟಗಿಲ್ಲದಿದ್ದರೆ? ಸರಿಪಡಿಸಬೇಕು ಅಂತ ಹೇಳಿ, ಹೇಗೆ ಅನ್ನೋದನ್ನು ಅರ್ಧಕ್ಕೇ ಬಿಡ್ತಾನೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಹೋದ ಗದ್ದೆ, ಅದೇ ಕಾಯ್ದೆ ತೋಟಗಳಿಗೆ ವಿನಾಯಿತಿ ಕೊಟ್ಟ 104ನೇ ಕಲಮಿನಡಿ ಉಳಿದುಕೊಂಡ ಕಾಫಿ ತೋಟ, ಇವೆರಡನ್ನು ಅಲ್ಲಿ ತನ್ನಿ. ಆ ಭಾನುವಾರ ಊಟ ತಡವಾಗುತ್ತೆ.

ಕಡೂರು: ಅಮೆರಿಕದ ಲೇಖಕಿ ಐನ್ ರ‍್ಯಾಂಡ್ ಕಾದಂಬರಿಯಿಂದ ಶುರು ಮಾಡೋಣ ಅಂತ ಯಾರಾದರೂ ಅಂದೇ ಅಂತಾರೆ. ಬೇಡ. ಲಿಬರ್ಟೇರಿಯನ್ ಹಣೆಪಟ್ಟಿಯನ್ನು ಆಕೆಯೇ ಒಪ್ಪಿರಲಿಲ್ಲ. ‘ಲಿಬರಲ್’ ಪದಕ್ಕೂ ಹುಷಾರು: ಅಮೆರಿಕದ ಇಂದಿನ ಮಾತಲ್ಲಿ ಅದು ಹೆಚ್ಚಾಗಿ ಎಡಕ್ಕೆ ವಾಲಿದವರು, ಹಾಯೆಕ್ ಬರೆದಾಗ ಹಳೇ ಅರ್ಥ, ವ್ಯಕ್ತಿಸ್ವಾತಂತ್ರ್ಯ, ಮುಕ್ತ ಮಾರುಕಟ್ಟೆ ಬೇಕೆನ್ನುವವರು. ಭಾರತದ್ದು ಬೇಕಾದರೆ ಎರಡನೇ ಪಂಚವಾರ್ಷಿಕ ಯೋಜನೆಗೆ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ 1955ರಲ್ಲಿ ಬರೆದ ಭಿನ್ನಮತದ ಟಿಪ್ಪಣಿ ಓದಿ.